ಮಳೆಯ ತವರನ್ನು ಅಳೆಯುವವರು

ಯುಗಾದಿಯ ದಿನ ಮಠದಲ್ಲಿ ಪಂಚಾಂಗ ಶ್ರವಣ ನಡೆಯುವಾಗ ನಮ್ಮ ಭಾಗದ ಒಕ್ಕಲಿನವರು ಕಿವಿ ನಿಮಿರಿಸಿ ಕೇಳುವ ಮಾತು ಒಂದೇ. ರಾಜ, ಮಂತ್ರಿ, ಸೇನಾಧಿಪತಿಗಳ ಫಲವನ್ನು ಅವರು ತಲೆದೂಗಿ ಬಿಟ್ಟುಬಿಡುತ್ತಾರೆ. ಮಳೆಯ ಲೆಕ್ಕ ಬಂದೊಡನೆ ಸಭೆಯಲ್ಲಿ ಮಕ್ಕಳ ಗದ್ದಲವನ್ನೂ ಹಿರಿಯರು ಗದರಿಸಿ ನಿಲ್ಲಿಸುತ್ತಾರೆ. ಬೀಳುವ ಮಳೆಯಲ್ಲಿ ಹತ್ತು ಭಾಗ ಸಮುದ್ರಕ್ಕೆ, ಆರು ಭಾಗ ಪರ್ವತಕ್ಕೆ, ನಾಲ್ಕು ಭಾಗ ಭೂಮಿಗೆ ಎಂಬಂತೆ ಓದುವುದು ವಾಡಿಕೆ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಮಗೆ ಈ ಹಂಚಿಕೆ ಬಹಳ ಅನ್ಯಾಯವೆನಿಸುತ್ತಿತ್ತು. ನೀರೇ ತುಂಬಿಕೊಂಡಿರುವ ಸಮುದ್ರಕ್ಕೆ ಹತ್ತು ಭಾಗವೇಕೆ, ಬಾಯಿಬಿಟ್ಟು ಕುಳಿತಿರುವ ನಮ್ಮ ಮಸಾರಿ ಹೊಲಗಳಿಗೆ ನಾಲ್ಕೇ ಭಾಗವೇಕೆ ಎಂದು ಒಮ್ಮೆ ಗುರುಗಳನ್ನು ಕೇಳಿಯೂಬಿಟ್ಟೆವು. ಅವರು ನಕ್ಕು, “ಮಳೆಗೆ ಸಮುದ್ರವೇ ತವರುಮನೆ ಕಣಪ್ಪಾ, ಮಗಳು ತವರಿಗೆ ಹೆಚ್ಚು ಹೋಗಿಬರುತ್ತಾಳೆ” ಎಂದರು. ಪಾಠ ಮುಂದಕ್ಕೆ ಹೋಯಿತು.

ಬಹಳ ವರ್ಷಗಳ ಮೇಲೆ ಒಂದು ವಿಜ್ಞಾನ ಗ್ರಂಥವನ್ನು ಓದುವಾಗ ಆ ಮಾತು ನೆನಪಾಯಿತು. ಇಡೀ ಭೂಗೋಳದ ಮೇಲೆ ಬೀಳುವ ಮಳೆಯನ್ನು ಐದು ಪಾಲು ಮಾಡಿದರೆ ಸುಮಾರು ನಾಲ್ಕು ಪಾಲು ಕಡಲಿನ ಮೇಲೆಯೇ ಬೀಳುತ್ತದೆಯೆಂದೂ, ಆವಿಯಾಗಿ ಮೇಲೇಳುವ ನೀರಿನಲ್ಲಿ ಇನ್ನೂ ದೊಡ್ಡ ಪಾಲು ಕಡಲಿನದೇ ಎಂದೂ ಅದರಲ್ಲಿತ್ತು. ಪಂಚಾಂಗದ ಅಂಕಿಗಳೂ ಈ ಅಂಕಿಗಳೂ ಒಂದೇ ಎಂದು ಸಾಧಿಸುವ ಹಟ ನಮಗಿಲ್ಲ. ಅಂತಹ ಹಟದಿಂದ ಶಾಸ್ತ್ರಕ್ಕೂ ಲಾಭವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ. ಆದರೆ ತವರುಮನೆಯ ಮಾತು ಮಾತ್ರ ದಿಟವಾಗಿತ್ತು. ಅಂದಿನಿಂದ ಆ ತವರುಮನೆಯ ಕುಶಲವನ್ನು ವಿಚಾರಿಸುವವರು ಯಾರು, ಹೇಗೆ ವಿಚಾರಿಸುತ್ತಾರೆ ಎಂದು ತಿಳಿಯುವ ಕುತೂಹಲ ನಮ್ಮನ್ನು ಬಿಟ್ಟಿಲ್ಲ. ಹಾಗೆ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳಲ್ಲಿ ಹಡಗು ಎಂಬುದಿದ್ದರೆ ಅದು ಹಡಗಲಿಯ ಹೆಸರಿನಲ್ಲಿ ಮಾತ್ರ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಂಪೆಗೆ ಹೂವು ಸಾಗುತ್ತಿತ್ತೆಂದು ಜನ ಆ ಹೆಸರಿಗೆ ಕಾರಣ ಹೇಳುತ್ತಾರೆ. ಕೂಡ್ಲಿಗಿಯಿಂದ ಪಶ್ಚಿಮದ ಕಡಲು ಇನ್ನೂರು ಕಿಲೋಮೀಟರಿಗೂ ಆಚೆ. ಪೂರ್ವದ ಕಡಲು ಹೆಚ್ಚುಕಡಿಮೆ ಅದರ ಇಮ್ಮಡಿ ದೂರ. ಇಲ್ಲಿ ಹುಟ್ಟಿ ಬೆಳೆದು ಮೊಮ್ಮಕ್ಕಳನ್ನು ಕಂಡ ಅನೇಕ ಹಿರಿಯರು ಕಡಲನ್ನು ಕಂಡಿಲ್ಲ. ನಾವೇ ಅದನ್ನು ಮೊದಲು ಕಂಡದ್ದು ನಲವತ್ತರ ಸಮೀಪದಲ್ಲಿ, ಗೋಕರ್ಣದ ದಡದಲ್ಲಿ. ಆದರೂ ನಮ್ಮ ಮನೆಯ ಕಣಜ ತುಂಬುವುದು, ಬರಿದಾಗುವುದು ಆ ಕಾಣದ ನೀರಿನ ಕೈಯಲ್ಲಿದೆ.

ಪಶ್ಚಿಮದಿಂದ ಬರುವ ಮುಂಗಾರು ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ಹೊರೆಯನ್ನು ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾದರೆ, ಬೆಟ್ಟದ ಮರೆಯಲ್ಲಿರುವ ನಮ್ಮ ಭಾಗಕ್ಕೆ ದಕ್ಕುವುದು 600ರ ಆಸುಪಾಸು. ಅದರಲ್ಲಿಯೂ ಒಳ್ಳೆಯ ಪಾಲು ಬೀಳುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಬಂಗಾಳ ಕೊಲ್ಲಿಯ ಕಡೆಯ ವಾಯುಭಾರ ಕುಸಿತಗಳು ಬಲಗೊಂಡಾಗ. ಆದುದರಿಂದ ಶೇಂಗಾ ಬಿತ್ತುವ ಒಕ್ಕಲಿಗನು ಎರಡು ಕಡಲುಗಳ ನಡುವೆ ನಿಂತು ಜೂಜಾಡಬೇಕಾಗುತ್ತದೆ. ಬೇಗ ಬಿತ್ತಿದರೆ ಹೂವು ಕಟ್ಟುವ ಹೊತ್ತಿಗೆ ನೆಲ ಒಣಗಬಹುದು. ತಡಮಾಡಿದರೆ ಕೀಳುವ ಹೊತ್ತಿಗೆ ಜಡಿಮಳೆ ಹಿಡಿದು ಕಾಯಿ ಮೊಳೆಯಬಹುದು. ಒಂದು ಎಕರೆಯ ಬೀಜದ ಬೆಲೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2023ರ ಶ್ರಾವಣದಲ್ಲಿ ಕೂಡ್ಲಿಗಿ ಕಡೆಯ ಒಬ್ಬ ಹಿರಿಯ ಭಕ್ತರು ನಮ್ಮಲ್ಲಿಗೆ ಬಂದಿದ್ದರು. ಮೊಣಕಾಲುದ್ದ ಬಂದು ಬಾಡಿದ ಮೆಕ್ಕೆಜೋಳವನ್ನು ದನಗಳಿಗೆ ಬಿಟ್ಟು ಬಂದವರು. ಪ್ರಸಾದ ಮುಗಿದ ಮೇಲೆ ಅವರು ಹೇಳಿದ ಮಾತು ಇದು: “ಅಯ್ಯನೋರೆ, ಟಿವಿಯಾಗೆ ಈ ವರ್ಷ ಮಳಿಗೇನು ತೊಂದ್ರಿ ಇಲ್ಲ ಅಂದ್ರು. ಅವ್ರು ಸುಳ್ಳು ಹೇಳಿದ್ರೋ, ನಮ್ಮ ಹೊಲದ ದಾರಿ ಮಳಿಗೆ ಗೊತ್ತಾಗ್ಲಿಲ್ಲೋ?” ಆ ಪ್ರಶ್ನೆಗೆ ನಮ್ಮಲ್ಲಿ ಅಂದು ಉತ್ತರವಿರಲಿಲ್ಲ. ಈ ಲೇಖನಕ್ಕೆ ಅದೇ ನಿಮಿತ್ತ.

ಒಂದು ಹಡಗು, ಒಂದು ಬರ

ಕಡಲನ್ನು ಶಾಸ್ತ್ರೀಯವಾಗಿ ಅಳೆಯುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1872ರಲ್ಲಿ. ಚಾಲೆಂಜರ್ ಎಂಬ ಇಂಗ್ಲೆಂಡಿನ ಹಡಗು ಮೂರೂವರೆ ವರ್ಷ ಕಾಲ ಭೂಮಂಡಲದ ಸಮುದ್ರಗಳನ್ನು ಸುತ್ತಿ, ಹಗ್ಗಕ್ಕೆ ಗುಂಡು ಕಟ್ಟಿ ಆಳವನ್ನೂ, ಉಷ್ಣಮಾಪಕಗಳನ್ನು ಇಳಿಸಿ ಬಿಸಿಯನ್ನೂ ಗುರುತು ಮಾಡಿಕೊಂಡಿತು. ಅದು ತನ್ನ ದೇಶದ ಬಂದರಿಗೆ ಮರಳಿದ್ದು 1876ರ ಮೇ ತಿಂಗಳಿನಲ್ಲಿ. ಹಿಂದೂ ಮಹಾಸಾಗರದಲ್ಲಿ ಅದು ಸಾಗಿದ್ದು ದಕ್ಷಿಣದ ಶೀತದ ಅಂಚಿನಲ್ಲಿ. ನಮಗೆ ಮಳೆ ಕಳುಹಿಸುವ ಬಿಸಿನೀರಿನ ಭಾಗವನ್ನು ಅದು ಮುಟ್ಟಲೇ ಇಲ್ಲ.

ಅದೇ 1876ರಲ್ಲಿ ಮುಂಗಾರು ಕೈಕೊಟ್ಟಿತು. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಆ ಮಹಾಕ್ಷಾಮದಲ್ಲಿ ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಜನ ಏಕೆ ಸತ್ತರು ಎಂಬುದಕ್ಕೆ ಮಳೆಯೊಂದೇ ಉತ್ತರವಲ್ಲ; ಧಾನ್ಯವಿದ್ದರೂ ಅದು ಬಡವನ ಕೈಗೆ ಎಟುಕದಂತೆ ನಡೆದ ಅಂದಿನ ಆಡಳಿತವೂ ಉತ್ತರ ಕೊಡಬೇಕು. ಆದರೆ ಮಳೆ ಏಕೆ ತಪ್ಪಿತು? ಶಾಂತಸಾಗರದ ನೀರು ಅಸಾಧಾರಣವಾಗಿ ಕಾಯುವ ಎಲ್ ನಿನೊ ಎಂಬ ಪ್ರಕ್ರಿಯೆ ಆ ವರ್ಷಗಳಲ್ಲಿ ಅತ್ಯುಗ್ರವಾಗಿತ್ತೆಂದು ಇಂದಿನ ವಿದ್ವಾಂಸರು ಹಳೆಯ ದಾಖಲೆಗಳಿಂದ ನಿರ್ಣಯಿಸಿದ್ದಾರೆ. ಹತ್ತಾರು ಸಾವಿರ ಕಿಲೋಮೀಟರು ಹರಡಿದ ಒಂದು ಕಡಲು ಕಾಯ್ದದ್ದನ್ನು ನೋಡಲು ಅಂದು ಕಣ್ಣೂ ಇರಲಿಲ್ಲ, ಕಂಡರೆ ಕೂಡ್ಲಿಗಿಗೆ ಸುದ್ದಿ ಮುಟ್ಟಿಸುವ ದಾರಿಯೂ ಇರಲಿಲ್ಲ.

ಬರದ ತರುವಾಯ ಸರ್ಕಾರಕ್ಕೆ ಮಳೆಯ ಮುನ್ಸೂಚನೆಯ ಚಿಂತೆ ಹತ್ತಿತು. ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫೋರ್ಡ್ ಎಂಬುವರು ಹಿಮಾಲಯದ ಹಿಮವನ್ನು ನೋಡಿ ಮಳೆಯನ್ನು ಹೇಳತೊಡಗಿದರು. 1886ರಿಂದ ಅದು ಅಧಿಕೃತ ಪದ್ಧತಿಯಾಯಿತು. ಅನಂತರ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಲೋಕದ ನಾನಾ ಊರುಗಳ ವಾಯುಭಾರದ ಅಂಕಿಗಳನ್ನು ಗುಡ್ಡೆಹಾಕಿಕೊಂಡು ಲೆಕ್ಕಮಾಡಿ, ಶಾಂತಸಾಗರದ ಮೇಲಿನ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆಗೆ ಇಳಿಯುತ್ತದೆ, ಅದು ಏರಿದಾಗ ಇದು ಇಳಿಯುತ್ತದೆ ಎಂಬ ತೊಟ್ಟಿಲಿನಂತಹ ತೂಗಾಟವನ್ನು 1920ರ ದಶಕದಲ್ಲಿ ತೋರಿಸಿಕೊಟ್ಟರು. ಆದರೆ ಆ ತೊಟ್ಟಿಲನ್ನು ತೂಗುವ ಕೈ ಕಡಲಿನ ನೀರಿನಲ್ಲಿದೆಯೆಂಬುದು ಅವರ ಕಾಲಕ್ಕೆ ತಿಳಿದಿರಲಿಲ್ಲ.

ಕಡಲೇ ಏಕೆ ಮುಖ್ಯ? ಗಾಳಿಗೆ ನೆನಪಿಲ್ಲ, ಇಂದು ಕಾಯ್ದದ್ದು ನಾಳೆ ತಣಿಯುತ್ತದೆ. ನೀರಿಗೆ ನೆನಪುಂಟು. ಇಡೀ ವಾಯುಮಂಡಲದಲ್ಲಿ ಹಿಡಿಯುವ ಬಿಸಿಯೆಲ್ಲವೂ ಕಡಲಿನ ಮೇಲಣ ಸುಮಾರು ಮೂರು ಮೀಟರ್ ನೀರಿನಲ್ಲಿ ಹಿಡಿದುಬಿಡುತ್ತದೆಂದರೆ ಉಳಿದ ಸಾವಿರಾರು ಮೀಟರುಗಳ ಸಂಗ್ರಹವನ್ನು ಊಹಿಸಬಹುದು. ಒಲೆ ಆರಿದ ಮೇಲೂ ಬೂದಿಯೊಳಗೆ ಕೆಂಡ ಉಳಿದಿರುವುದನ್ನು ನಮ್ಮ ತಾಯಂದಿರು ಬಲ್ಲರು. ಆ ಕೆಂಡವನ್ನು ಅಳೆದವನು ನಾಳೆಯ ಬಿಸಿಯನ್ನು ಹೇಳಬಲ್ಲನು.

ನೀರಿನೊಳಗಿನ ಗೂಢಚಾರರು

1959ರಿಂದ 1965ರವರೆಗೆ ಅನೇಕ ದೇಶಗಳು ಸೇರಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯನ್ನು ನಡೆಸಿದವು. ಅದರ ಫಲವಾಗಿ 1966ರಲ್ಲಿ ಗೋವೆಯಲ್ಲಿ ನಮ್ಮ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ನೆಲೆಗೊಂಡಿತು. ಆದರೆ ಹಡಗಿನ ಅಳತೆಗೆ ಒಂದು ದೊಡ್ಡ ಕೊರತೆ. ಹಡಗು ಹೋದಲ್ಲಿ ಹೋದ ದಿನದ ಸ್ಥಿತಿ ಮಾತ್ರ ತಿಳಿಯುತ್ತದೆ. ಒಂದು ಊರಿನ ವ್ಯವಹಾರವನ್ನು ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಬಂದವನಿಂದ ಕೇಳಿ ತಿಳಿದ ಹಾಗೆ! 1982ರಲ್ಲಿ ಶಾಂತಸಾಗರದಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಎದ್ದಾಗ, ಅದು ಸಾಕಷ್ಟು ಬಲಿಯುವವರೆಗೂ ಪಂಡಿತರಿಗೆ ಅದರ ಸುಳಿವೇ ಹತ್ತಲಿಲ್ಲ. ಆ ಅವಮಾನವೇ ಅವರನ್ನು ಎಚ್ಚರಿಸಿತು. ಮುಂದಿನ ಹತ್ತು ವರ್ಷಗಳಲ್ಲಿ ಶಾಂತಸಾಗರದ ನಡುಭಾಗದ ಉದ್ದಕ್ಕೂ ಸುಮಾರು 70 ಕಡೆಗಳಲ್ಲಿ ಲಂಗರು ಬಿಗಿದ ತೇಲುವೇದಿಕೆಗಳನ್ನು ನಿಲ್ಲಿಸಿ, ನೀರಿನ ಬಿಸಿಯನ್ನು ಹಗಲಿರುಳು ವರದಿ ಮಾಡುವ ಏರ್ಪಾಡು ನಡೆಯಿತು. 1994ರಲ್ಲಿ ಅದು ಪೂರ್ಣಗೊಂಡಿತು.

ನಮ್ಮ ಕಡಲುಗಳಲ್ಲಿಯೂ ಅಂತಹ ವೇದಿಕೆಗಳುಂಟು. 1993ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಎಂಜಿನಿಯರರು ಅರಬ್ಬೀ ಸಮುದ್ರದಲ್ಲಿಯೂ ಬಂಗಾಳ ಕೊಲ್ಲಿಯಲ್ಲಿಯೂ ಅವನ್ನು ನಿಲ್ಲಿಸಿ ಸಾಕುತ್ತಿದ್ದಾರೆ. ಸಾಕುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಮೂರು ಸಾವಿರ ಮೀಟರ್ ಆಳದ ತಳಕ್ಕೆ ಲಂಗರು ಇಳಿಸಿ, ಕಿಲೋಮೀಟರುಗಟ್ಟಲೆ ಹಗ್ಗದಲ್ಲಿ ಕಟ್ಟಿದ ಆ ವೇದಿಕೆ ಗೂಟಕ್ಕೆ ಕಟ್ಟಿದ ಹೋರಿಯಂತೆ ಸುತ್ತಾಡುತ್ತಲೇ ಇರುತ್ತದೆ. ಚಂಡಮಾರುತ ಅದರ ಮೇಲೆ ಹಾಯುತ್ತದೆ. ಚಿಪ್ಪುಹುಳುಗಳು ಅಳತೆಯ ಕಣ್ಣುಗಳಿಗೆ ಮೆತ್ತಿಕೊಂಡು ಕುರುಡು ಮಾಡುತ್ತವೆ. ಇವೆಲ್ಲಕ್ಕಿಂತ ಹೆಚ್ಚಿನ ಕಾಟ ಮನುಷ್ಯರದು. ತೇಲುವ ವಸ್ತುವಿನ ನೆರಳಿನಲ್ಲಿ ಮೀನು ಗುಂಪುಗೂಡುವುದರಿಂದ ಬೆಸ್ತರು ತಮ್ಮ ದೋಣಿಗಳನ್ನು ಅದಕ್ಕೇ ಕಟ್ಟುತ್ತಾರೆ. ಬಲೆ ಸಿಕ್ಕಿಹಾಕಿಕೊಂಡರೆ ಹಗ್ಗ ಕತ್ತರಿಸುತ್ತಾರೆ. ಸೌರಫಲಕಗಳು ಕಳವಾಗುವುದೂ ಉಂಟು. ಕಳ್ಳನಿಗೆ ಒಂದು ಫಲಕ. ನಷ್ಟ ಯಾವುದೋ ದೂರದ ಹೊಲದ ಒಕ್ಕಲಿಗನಿಗೆ. ಅವನಿಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ.

ಹಗ್ಗದ ತೊಡಕೇ ಇಲ್ಲದ ಇನ್ನೊಂದು ಯಂತ್ರವಿದೆ. ಅದರ ಹೆಸರು ಆರ್ಗೋ. ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದದ್ದು ಇದೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಆಳೆತ್ತರದ ಕೊಳವೆಯಾಕಾರ, ತಲೆಯ ಮೇಲೊಂದು ಆಂಟೆನಾ, ಒಟ್ಟು ತೂಕ ಅರ್ಧ ಚೀಲ ಜೋಳದಷ್ಟೂ ಇಲ್ಲ. ಹಡಗಿನಿಂದ ನೀರಿಗೆ ಬಿಟ್ಟೊಡನೆ ಅದು ಮುಳುಗಿ 1000 ಮೀಟರ್ ಆಳಕ್ಕೆ ಹೋಗಿ, ಅಲ್ಲಿಯ ಪ್ರವಾಹ ಒಯ್ದತ್ತ ಸುಮ್ಮನೆ ತೇಲುತ್ತಿರುತ್ತದೆ. ಒಂಬತ್ತನೆಯ ದಿನದ ಸುಮಾರಿಗೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತಾ ದಾರಿಯುದ್ದಕ್ಕೂ ನೀರಿನ ಬಿಸಿ, ಉಪ್ಪಿನಂಶ, ಒತ್ತಡಗಳನ್ನು ಬರೆದುಕೊಳ್ಳುತ್ತದೆ. ಮೇಲೆ ಬಂದು ತಾನು ಬರೆದುಕೊಂಡದ್ದನ್ನು ಉಪಗ್ರಹಕ್ಕೆ ಒಪ್ಪಿಸಿ, ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಂದು ಸುತ್ತು. ಬ್ಯಾಟರಿ ಮುಗಿಯುವವರೆಗೆ ನಾಲ್ಕೈದು ವರ್ಷ ಇದೇ ವ್ರತ.

ಹುಟ್ಟಿಲ್ಲ, ಚಕ್ರವಿಲ್ಲ; ಮುಳುಗಿ ಏಳುವುದು ಹೇಗೆ? ಬಾಲ್ಯದಲ್ಲಿ ಬಾವಿಯಲ್ಲಿ ಈಜು ಕಲಿಯುವಾಗ ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಬುರುಡೆ ದೊಡ್ಡದಾದರೆ ಹುಡುಗ ತೇಲುತ್ತಾನೆ, ಬಿಚ್ಚಿದರೆ ಮುಳುಗುತ್ತಾನೆ. ಆರ್ಗೋ ತನ್ನ ಬುರುಡೆಯನ್ನು ತಾನೇ ದೊಡ್ಡದು ಚಿಕ್ಕದು ಮಾಡಿಕೊಳ್ಳುತ್ತದೆ. ಅದರ ಹೊಟ್ಟೆಯೊಳಗೆ ಸ್ವಲ್ಪ ಎಣ್ಣೆಯುಂಟು. ಆ ಎಣ್ಣೆಯನ್ನು ಹೊರಗಿನ ರಬ್ಬರ್ ಚೀಲಕ್ಕೆ ನೂಕಿದರೆ ತೂಕ ಅಷ್ಟೇ ಇದ್ದು ಗಾತ್ರ ಹಿಗ್ಗುತ್ತದೆ, ಯಂತ್ರ ಮೇಲೇರುತ್ತದೆ. ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡರೆ ಕುಗ್ಗಿ ಇಳಿಯುತ್ತದೆ. ಇಷ್ಟೇ! ಕೆಲವು ಲೋಟಗಳಷ್ಟು ಎಣ್ಣೆಯಿಂದ ಎರಡು ಕಿಲೋಮೀಟರ್ ಆಳದ ಕಡಲನ್ನು ಅಳೆಯುವ ಈ ಉಪಾಯವನ್ನು ಓದಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

2000ದ ಆಸುಪಾಸಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ 2007ರ ನವೆಂಬರಿನ ಹೊತ್ತಿಗೆ 3000 ಯಂತ್ರಗಳು ಜಗತ್ತಿನ ಕಡಲುಗಳಲ್ಲಿ ತೇಲುತ್ತಿದ್ದವು. ಈಗ ಸಂಖ್ಯೆ 4000ದ ಸಮೀಪದಲ್ಲಿದೆ. ಭಾರತವೂ 2002ರಿಂದೀಚೆಗೆ ನೂರಾರನ್ನು ಹಿಂದೂ ಮಹಾಸಾಗರಕ್ಕೆ ಬಿಟ್ಟಿದೆ. 1999ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇವುಗಳ ವರದಿಯನ್ನು ಸ್ವೀಕರಿಸಿ ಒಪ್ಪಮಾಡುತ್ತದೆ. ಯಾವ ದೇಶದ ಯಂತ್ರವೇ ಆಗಲಿ, ಅದು ಕಂಡದ್ದು ಎಲ್ಲ ದೇಶಗಳಿಗೂ ಬೆಲೆಯಿಲ್ಲದೆ ದೊರೆಯುತ್ತದೆ. ಗಡಿಗೆ ಗಡಿ ತಿಕ್ಕಿ ಜಗಳವಾಡುವ ದೇಶಗಳು ಇದೊಂದರಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತಂತೆ ಕುಳಿತಿವೆ. ಇದೇ ಹೈದರಾಬಾದಿನ ಕೇಂದ್ರದಲ್ಲಿ 2004ರ ಡಿಸೆಂಬರಿನ ಘೋರ ಸುನಾಮಿಯ ನಂತರ, 2007ರಿಂದ, ಸುನಾಮಿಯ ಮುನ್ನೆಚ್ಚರಿಕೆಯ ವಿಭಾಗವೂ ನಡೆಯುತ್ತಿದೆ.

ಬೆಂಗಳೂರಿನಿಂದ ಕಂಡ ಕಡಲು

ಕಡಲಿನ ದಡವಿಲ್ಲದ ಬೆಂಗಳೂರು ಕಡಲನ್ನು ನೋಡುವುದರಲ್ಲಿ ಮುಂದಾದುದು ವಿಚಿತ್ರವಾದರೂ ನಿಜ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾಯರ ಮುಂದಾಳುತನದಲ್ಲಿ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ಆರ್ಯಭಟ ಸಿದ್ಧವಾಗಿ 1975ರಲ್ಲಿ ಆಕಾಶಕ್ಕೇರಿದ ಕಥೆಯನ್ನು ನಮ್ಮ ಓದುಗರು ಬಲ್ಲರು. ಅದರ ತಮ್ಮನಾದ ಭಾಸ್ಕರನ ಕಥೆ ಅಷ್ಟು ಪ್ರಸಿದ್ಧವಲ್ಲ. 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಹಾರಿದ ಭಾಸ್ಕರ ಉಪಗ್ರಹದಲ್ಲಿ ಕಡಲಿನ ಮೇಲ್ಮೈಯನ್ನೂ ಅದರ ಮೇಲಿನ ನೀರಾವಿಯನ್ನೂ ಅಳೆಯುವ ಒಂದು ಸೂಕ್ಷ್ಮತರಂಗದ ಉಪಕರಣವಿತ್ತು. ಮುಂದೆ ಕಡಲಿಗೆಂದೇ ಮೀಸಲಾದ ಓಷನ್‌ಸ್ಯಾಟ್ 1999ರ ಮೇ 26ರಂದು, ಅದರ ಎರಡನೆಯದು 2009ರ ಸೆಪ್ಟೆಂಬರ್ 23ರಂದು, ಮೂರನೆಯದು 2022ರ ನವೆಂಬರ್ 26ರಂದು ಶ್ರೀಹರಿಕೋಟೆಯಿಂದ ಏರಿದವು.

ಏಳುನೂರು ಕಿಲೋಮೀಟರ್ ಎತ್ತರದಿಂದ ಕಡಲಿನ ಮೇಲಿನ ಗಾಳಿಯನ್ನು ಅಳೆಯುವುದು ಹೇಗೆಂದು ಯಾರಾದರೂ ಕೇಳಬಹುದು. ಸಂಜೆಯ ಹೊತ್ತು ಊರ ಕೆರೆಯ ಏರಿಯ ಮೇಲೆ ನಿಂತವರಿಗೆ ಇದರ ಉತ್ತರ ಕಣ್ಣಮುಂದೆಯೇ ಇದೆ. ಗಾಳಿಯಿಲ್ಲದಾಗ ನೀರು ಕನ್ನಡಿ. ಬೀಸಿದೊಡನೆ ಸಣ್ಣ ಸಣ್ಣ ನಿರಿಗೆಗಳೇಳುತ್ತವೆ. ಉಪಗ್ರಹದ ಸ್ಕ್ಯಾಟರೋಮೀಟರ್ ಎಂಬ ರೇಡಾರ್ ಕೆಳಕ್ಕೆ ತರಂಗಗಳನ್ನು ಕಳುಹಿಸುತ್ತದೆ. ನುಣ್ಣಗಿನ ನೀರು ಅವನ್ನು ಅತ್ತಲಾಗಿ ಜಾರಿಸಿಬಿಡುತ್ತದೆ. ನಿರಿಗೆಗಟ್ಟಿದ ನೀರು ಒಂದಂಶವನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಿರುಗಿದ್ದು ಎಷ್ಟೆಂಬುದರಿಂದ ಗಾಳಿಯ ವೇಗವನ್ನೂ, ಬೇರೆ ಬೇರೆ ಕೋನಗಳಿಂದ ನೋಡಿ ಅದರ ದಿಕ್ಕನ್ನೂ ತಿಳಿಯುತ್ತಾರೆ. 2012ರಲ್ಲಿ ಅಮೆರಿಕೆಯ ಪೂರ್ವ ಕರಾವಳಿಯನ್ನು ಧ್ವಂಸ ಮಾಡಿದ ಸ್ಯಾಂಡಿ ಚಂಡಮಾರುತದ ಗಾಳಿಯ ನಕ್ಷೆಯನ್ನು ನಮ್ಮ ಎರಡನೆಯ ಓಷನ್‌ಸ್ಯಾಟ್ ಕೊಟ್ಟಿತ್ತು. 2014ರಲ್ಲಿ ಅದರ ಸ್ಕ್ಯಾಟರೋಮೀಟರ್ ಕೆಟ್ಟು ಕಣ್ಣು ಮುಚ್ಚಿತು. ಆ ಕೊರತೆಯನ್ನು ತುಂಬಲು ಸ್ಕ್ಯಾಟ್‌ಸ್ಯಾಟ್ ಎಂಬ ಸಣ್ಣ ಉಪಗ್ರಹವನ್ನು ಕಟ್ಟಿ 2016ರ ಸೆಪ್ಟೆಂಬರಿನಲ್ಲಿ ಹಾರಿಸುವವರೆಗೆ ಎರಡೂವರೆ ವರ್ಷಗಳ ಕಾಲ ಆ ಅಳತೆಗೆ ನಮ್ಮದೇ ಕಣ್ಣು ಇರಲಿಲ್ಲ.

ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ ಎಂಬುದನ್ನು ಮರೆಯಲಾಗದು. ಚರ್ಮದಿಂದ ರೋಗ ತಿಳಿಯದಿದ್ದಾಗ ವೈದ್ಯನು ನಾಡಿ ಹಿಡಿಯಬೇಕು. ಆ ಕೆಲಸಕ್ಕೆ ಮನುಷ್ಯರು ಹಡಗು ಹತ್ತಿ ಹೋಗಲೇಬೇಕು. ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರನ್ನು ನೆನೆಯುವುದು ನಮ್ಮ ಕರ್ತವ್ಯ. ಸುಲೋಚನಾ ಗಾಡ್ಗೀಳ್ ಅವರು 1984ರಲ್ಲಿ ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿಯವರೊಡನೆ ಒಂದು ಸಂಗತಿಯನ್ನು ಕಂಡುಕೊಂಡರು. ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿದ್ದರೆ ಅದರ ಮೇಲೆ ದಟ್ಟ ಮಳೆಮೋಡಗಳು ಏಳುವುದು ಅಪರೂಪ. ಆ ಗೆರೆ ದಾಟಿದ ಮೇಲೆ ಏಳುವ ಸಂಭವ ಥಟ್ಟನೆ ಹೆಚ್ಚುತ್ತದೆ. ಆದರೆ ದಾಟಿದರೆ ಸಾಲದು. ಬಿಸಿಯಿದ್ದೂ ಮೋಡವೇಳದ ದಿನಗಳುಂಟು. ಪಾತ್ರೆ ಕಾಯ್ದಿದ್ದರೂ ಎಣ್ಣೆ ಹಾಕುವವರು ಬೇಕಲ್ಲವೆ?

ಬಂಗಾಳ ಕೊಲ್ಲಿಯ ಈ ಒಗಟನ್ನು ಬಿಡಿಸಲು 1999ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಾಗರ ಕನ್ಯಾ ಎಂಬ ನಮ್ಮ ಸಂಶೋಧನ ಹಡಗು, ಮುಂಗಾರಿನ ನಟ್ಟನಡುವೆ, ಕೊಲ್ಲಿಯೊಳಕ್ಕೆ ಹೋಗಿ ನಿಂತಿತು. ಮತ್ತೆ 2016ರ ಜೂನ್, ಜುಲೈಯಲ್ಲಿ ಇದೇ ಮಂದಿರದ ಪಿ.ಎನ್. ವಿನಯಚಂದ್ರನ್ ಅವರೂ ಇಂಗ್ಲೆಂಡಿನ ವಿದ್ವಾಂಸರೂ ಸೇರಿ ಸಿಂಧು ಸಾಧನಾ ಎಂಬ ಹಡಗಿನಲ್ಲಿ ಹೋಗಿ, ರೆಕ್ಕೆಯುಳ್ಳ ಐದು ಗ್ಲೈಡರ್ ಯಂತ್ರಗಳನ್ನು ನೀರಿಗೆ ಬಿಟ್ಟರು. ಇವು ಆರ್ಗೋವಿನಂತೆಯೇ ಮುಳುಗಿ ಏಳುತ್ತವೆ. ಆದರೆ ರೆಕ್ಕೆಯಿರುವುದರಿಂದ ಹದ್ದು ಜಾರಿದಂತೆ ಮುಂದಕ್ಕೆ ಸಾಗಿ, ಕಳುಹಿಸಿದ ದಿಕ್ಕಿಗೆ ಹೋಗುತ್ತವೆ. ಎತ್ತರದ ಅಲೆಗಳಲ್ಲಿ ವಾರಗಟ್ಟಲೆ ಓಲಾಡುತ್ತ, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದ ಸ್ಥಿತಿಯಲ್ಲಿ ಹಗಲೂ ರಾತ್ರಿ ಅಳತೆ ಹಿಡಿಯುವ ಈ ಕೆಲಸವನ್ನು ಕಾಯಕವೆಂದು ಕರೆಯದೆ ಬೇರೆ ಏನೆಂದು ಕರೆಯಬೇಕು?

ಅವರು ಕಂಡ ಕೊಲ್ಲಿಯ ಸ್ವರೂಪ ಸೊಗಸಾದುದು. ಗಂಗೆ, ಬ್ರಹ್ಮಪುತ್ರೆಗಳ ಸಿಹಿನೀರೂ ಮಳೆಯ ನೀರೂ ಸೇರಿ ಹಾಲಿನ ಮೇಲಿನ ಕೆನೆಯಂತೆ ಒಂದು ಹಗುರವಾದ ಪದರವಾಗಿ ನಿಲ್ಲುತ್ತವೆ. ಕೆಳಗಿನ ತಂಪು ನೀರು ಮೇಲಕ್ಕೆ ಬೆರೆಯದಂತೆ ಅದು ತಡೆಯುವುದರಿಂದ ಕೊಲ್ಲಿಯ ಮೇಲ್ಮೈ ಬೇಗ ಬಿಸಿಯಾಗುತ್ತದೆ. ಒಂದು ಮಳೆ ಸುರಿದು ತಣಿದರೂ ಮತ್ತೆ ಕಾಯುತ್ತದೆ. ಇತ್ತ ಅರಬ್ಬೀ ಸಮುದ್ರದ ಭಾರವಾದ ಉಪ್ಪುನೀರು ಶ್ರೀಲಂಕೆಯನ್ನು ಬಳಸಿ ಬಂದು ಈ ಕೆನೆಯ ಅಡಿಗೆ ನುಸುಳುತ್ತದೆ. ಪಶ್ಚಿಮದ ಕಡಲೂ ಪೂರ್ವದ ಕಡಲೂ ಬೇರೆಯಲ್ಲ, ನೀರಿನಡಿಯಲ್ಲಿ ನಂಟಸ್ತಿಕೆ ನಡೆದೇ ಇದೆ. ಉತ್ತರೆ, ಹಸ್ತದ ಮಳೆಗಳಲ್ಲಿ ಕೂಡ್ಲಿಗಿಗೆ ಬರುವ ಮೋಡದ ಜಾತಕ ಈ ಕೆನೆಯಲ್ಲಿ ಬರೆದಿರುತ್ತದೆ.

1999ರಲ್ಲಿಯೇ ಇನ್ನೊಂದು ಮುಖ್ಯ ಶೋಧ ಪ್ರಕಟವಾಯಿತು. 1997ರಲ್ಲಿ ಶಾಂತಸಾಗರದ ಎಲ್ ನಿನೊ ಭೀಕರವಾಗಿದ್ದು, ದೇಶವೆಲ್ಲ ಬರಕ್ಕೆ ಹೆದರಿ ಕುಳಿತಿದ್ದಾಗ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಆಗಿ ಎಲ್ಲರನ್ನೂ ಬೆರಗುಗೊಳಿಸಿತ್ತು. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ತೂಗಾಟವಿದೆ, ಪಶ್ಚಿಮದ ಅಂಚು ಕಾಯ್ದು ಪೂರ್ವದ ಅಂಚು ತಣಿಯುವುದುಂಟು ಎಂಬುದನ್ನು ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟಾ ಎಂಬ ನಾಲ್ವರು ತೋರಿಸಿದರು. ಹಾಗಾದರೆ ನಮಗೆ ಅನುಕೂಲ. ಒಂದು ಕಡಲಿನ ಕೆಡುಕನ್ನು ಇನ್ನೊಂದು ಕಡಲು ತಡೆಯಬಲ್ಲದು. ಆದರೆ 2002ರಲ್ಲಿ ಅಂತಹ ನೆರವು ದೊರೆಯಲಿಲ್ಲ. ಆ ಜುಲೈಯಲ್ಲಿ ದೇಶದ ಮಳೆ ಅರ್ಧಕ್ಕಿಳಿಯಿತು. ಯಾರೂ ಮುಂಚಿತವಾಗಿ ಹೇಳಿರಲಿಲ್ಲ.

ಹಿರಿಯ ಭಕ್ತರ ಪ್ರಶ್ನೆಗೆ

ಈಗ ಕೂಡ್ಲಿಗಿಯ ಆ ಹಿರಿಯರ ಪ್ರಶ್ನೆಗೆ ಬರೋಣ. 2023ರ ಏಪ್ರಿಲಿನಲ್ಲಿ ಹವಾಮಾನ ಇಲಾಖೆ ಹೇಳಿದ್ದು, ದೇಶದ ಒಟ್ಟು ಮಳೆ ವಾಡಿಕೆಯ 96ರಷ್ಟಾಗುವುದೆಂದೂ ಐದು ಹೆಚ್ಚುಕಡಿಮೆ ಆಗಬಹುದೆಂದೂ. ಕೊನೆಗೆ ಆದದ್ದು ಸುಮಾರು 94. ಮಾತು ಸುಳ್ಳಾಗಲಿಲ್ಲ. ಆದರೆ ಅದರ ನಡುವೆ ಆಗಸ್ಟ್ ತಿಂಗಳೊಂದರಲ್ಲಿ ದೇಶದ ಮಳೆ ಶೇಕಡ 36ರಷ್ಟು ಕಡಿಮೆಯಾಗಿ, 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಸೆಪ್ಟೆಂಬರಿನಲ್ಲಿ ಬೇರೆಡೆ ಸುರಿದದ್ದು ಲೆಕ್ಕವನ್ನು ಸರಿದೂಗಿಸಿತು. ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ನಮ್ಮ ಭಾಗವೂ ಅದರೊಳಗೆ ಸೇರಿತು. ಮದುವೆಯ ಊಟದಲ್ಲಿ ಪಂಕ್ತಿಗೆಲ್ಲ ಸೇರಿ ನೂರು ಹೋಳಿಗೆ ಬಡಿಸಿದೆವೆಂದರೆ ಕೊನೆಯ ಎಲೆಗೆ ಹೋಳಿಗೆ ಬಿತ್ತೆಂದು ಅರ್ಥವಲ್ಲ. ದೇಶದ ಸರಾಸರಿಯನ್ನು ಟಿವಿಯವರು ಪ್ರತಿಯೊಂದು ಹೊಲದ ಭರವಸೆಯೆಂಬಂತೆ ಸಾರಿದರು. ಕೇಳಿದವರೂ ಹಾಗೆಯೇ ತಿಳಿದರು. ತಪ್ಪು ಅಲ್ಲಿ ನಡೆಯಿತು.

ನಾಲ್ಕು ತಿಂಗಳ ಮುಂಚೆ ಒಂದು ತಾಲೂಕಿನ ಮಳೆಯನ್ನು ಹೇಳುವ ಶಕ್ತಿ ಇಂದಿಗೂ ವಿಜ್ಞಾನಕ್ಕಿಲ್ಲ. ಹೇಳಬಲ್ಲೆವೆನ್ನುವವರನ್ನು ನಂಬಬೇಡಿರಿ. ಆದರೆ ಎರಡು ವಾರಗಳೊಳಗಿನ ಮಾತು ಬೇರೆ. 2012ರಲ್ಲಿ ಆರಂಭವಾದ ಮುಂಗಾರು ಯೋಜನೆಯ ಫಲವಾಗಿ, ಆರ್ಗೋ, ತೇಲುವೇದಿಕೆ, ಉಪಗ್ರಹಗಳು ಕೊಟ್ಟ ಕಡಲಿನ ಸ್ಥಿತಿಯನ್ನು ಗಣಕಯಂತ್ರಕ್ಕೆ ಉಣಿಸಿ, ಕಡಲೂ ಗಾಳಿಯೂ ಜೊತೆಜೊತೆಗೆ ಹೇಗೆ ನಡೆಯುವುವೆಂದು ಲೆಕ್ಕಹಾಕುವ ಪದ್ಧತಿ ಬಂದಿದೆ. ಮುಂದಿನ ವಾರ ಬಿಡುವು ಬರುವುದೋ, ಕೊಲ್ಲಿಯಲ್ಲಿ ಕುಸಿತ ಏಳುವುದೋ ಎಂಬುದನ್ನು ಅವರು ಮೊದಲಿಗಿಂತ ಚೆನ್ನಾಗಿ ಹೇಳುತ್ತಾರೆ. ಬಿತ್ತುವುದು, ಗೊಬ್ಬರ ಹಾಕುವುದು, ಶೇಂಗಾ ಕೀಳುವುದು ಇವೆಲ್ಲ ವಾರದ ಲೆಕ್ಕದ ಕೆಲಸಗಳೇ. 1988ರಲ್ಲಿ ಬರನಿರ್ವಹಣೆಯ ಘಟಕವಾಗಿ ಹುಟ್ಟಿದ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಗಿಲಾದ ಮಳೆಮಾಪಕಗಳನ್ನು ಇಟ್ಟಿದೆ. ವರುಣಮಿತ್ರವೆಂಬ ಅದರ ದೂರವಾಣಿಗೆ ಕರೆಮಾಡಿ ತಮ್ಮ ಊರಿನ ಮುನ್ಸೂಚನೆಯನ್ನು ಕನ್ನಡದಲ್ಲಿಯೇ ಕೇಳಬಹುದು. ಎಷ್ಟು ಜನ ಕೇಳುತ್ತಾರೆಂಬುದು ಬೇರೆ ಮಾತು.

2025ರ ಜುಲೈಯಲ್ಲಿ ನಮ್ಮನ್ನಗಲಿದ ಸುಲೋಚನಾ ಗಾಡ್ಗೀಳ್ ಅವರ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಬೇಕು. ಕಡಲಿನ ಗಣಿತದಲ್ಲಿ ಮುಳುಗಿದ್ದ ಆಕೆ ನಮ್ಮಂತೆಯೇ ಒಣ ಸೀಮೆಯಾದ ಪಾವಗಡದ ಶೇಂಗಾ ಬೆಳೆಗಾರರೊಡನೆ ಕುಳಿತು, ಅವರ ಕಷ್ಟವನ್ನು ಕೇಳಿ, ದಶಕಗಳ ಮಳೆಯ ದಾಖಲೆಯನ್ನು ಹರಡಿಕೊಂಡು, ಯಾವ ವಾರದಿಂದ ಯಾವ ವಾರದವರೆಗೆ ಬಿತ್ತಿದರೆ ನಷ್ಟದ ಸಂಭವ ಕಡಿಮೆಯೆಂದು ಲೆಕ್ಕ ತೆಗೆದರು. ಪ್ರಶ್ನೆಯನ್ನು ರೈತನಿಂದ ಕೇಳಿ ತಿಳಿಯದೆ ಉತ್ತರ ಕೊಡಲು ಹೊರಡುವುದು ವ್ಯರ್ಥವೆಂಬುದು ಅವರ ನಿಲುವಾಗಿತ್ತು. ನಮ್ಮ ಐದು ತಾಲೂಕುಗಳಿಗೂ ಅಂತಹ ಲೆಕ್ಕವನ್ನು ಮಸಾರಿಗೆ ಬೇರೆ, ಎರೆಗೆ ಬೇರೆ ಮಾಡಿಕೊಡುವವರು ಮುಂದೆ ಬರಬೇಕು. ನಮ್ಮ ಸಮಾಜದ ಎಂಜಿನಿಯರಿಂಗ್ ಓದಿದ ಮಕ್ಕಳು ಬೆಂಗಳೂರಿನಲ್ಲಿ ಬಹಳ ಮಂದಿಯಿದ್ದಾರೆ; ಅವರಲ್ಲಿ ಒಬ್ಬಿಬ್ಬರಾದರೂ ಇತ್ತ ನೋಡಿದರೆ ಸಾಕು.

ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರಿ ಕಾರ್ಣಿಕವನ್ನು ಕೇಳುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವುದು ನಾಲ್ಕೇ ಮಾತು. ಆದರೆ ಅದನ್ನು ಕೇಳಿದ ಹಿರಿಯರು ಮನೆಗೆ ಬಂದು ಎಲ್ಲ ಹೊಲವನ್ನೂ ಒಂದೇ ಬೆಳೆಗೆ ಒಪ್ಪಿಸುತ್ತಿರಲಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಾರಗಟ್ಟಲೆ ಕಟ್ಟೆಯ ಮೇಲೆ ಕುಳಿತು ಆ ಮಾತಿನ ಅರ್ಥವನ್ನು ಹೀಗೂ ಹಾಗೂ ಚರ್ಚಿಸುತ್ತಿದ್ದರು. ಶೇಂಗಾದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುತ್ತಿದ್ದರು. ಒಂದಿಷ್ಟು ಬೀಜವನ್ನು ಗುಡಾಣದಲ್ಲಿ ಉಳಿಸಿಕೊಳ್ಳುತ್ತಿದ್ದರು. ಮಾತನ್ನು ಗೌರವಿಸುವುದೂ ಬೇರೆ, ಬೀಜವನ್ನೆಲ್ಲ ಅದಕ್ಕೆ ಪಣವಿಡುವುದೂ ಬೇರೆ ಎಂದು ಅವರಿಗೆ ಗೊತ್ತಿತ್ತು. 96ಕ್ಕೆ ಐದು ಹೆಚ್ಚುಕಡಿಮೆ ಎಂಬ ಇಂದಿನ ಮಾತನ್ನೂ ಅವರು ಹಾಗೆಯೇ ಕೇಳುತ್ತಿದ್ದರೇನೋ.

ಮೊನ್ನೆಯ ಯುಗಾದಿಯಂದು ಪಂಚಾಂಗ ಶ್ರವಣ ಮುಗಿದ ಮೇಲೆ ಪಾಠಶಾಲೆಯ ಒಬ್ಬ ಹುಡುಗ ನಮ್ಮಲ್ಲಿಗೆ ಬಂದು, ನಾವು ಐವತ್ತು ವರ್ಷಗಳ ಕೆಳಗೆ ಕೇಳಿದ ಪ್ರಶ್ನೆಯನ್ನೇ ಕೇಳಿದನು. ಗುರುಗಳ ತವರುಮನೆಯ ಮಾತನ್ನು ಅವನಿಗೂ ಹೇಳಿ, ಆರ್ಗೋ ಯಂತ್ರದ ಚಿತ್ರವನ್ನು ತೋರಿಸಿ, ಅದು ಮುಳುಗಿ ಏಳುವ ಬಗೆಯನ್ನು ವಿವರಿಸಿದೆವು. ಬಹಳ ಹೊತ್ತು ನೋಡಿದನು. “ಬ್ಯಾಟರಿ ಮುಗಿದ ಮ್ಯಾಲೆ ಅದನ್ನ ಯಾರು ತರ್ತಾರ್ರೀ?” ಎಂದನು. ಹೆಚ್ಚಾಗಿ ಯಾರೂ ತರುವುದಿಲ್ಲ, ಅದು ಕಡಲಿನಲ್ಲಿಯೇ ಉಳಿದುಬಿಡುತ್ತದೆ, ಬದಲಿಗೆ ಇನ್ನೊಂದನ್ನು ಬಿಡುತ್ತಾರೆ ಎಂದೆವು. ಹುಡುಗ ಚಿತ್ರವನ್ನು ಇನ್ನೊಮ್ಮೆ ನೋಡಿ, ಬೇವುಬೆಲ್ಲಕ್ಕೆ ಕರೆಬಂದುದರಿಂದ ಎದ್ದು ಓಡಿದನು.